ಬಿದ್ದವನು ಎದ್ದರೇ ನಗು

ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ನಾನು ಬಚ್ಚಲುಮನೆಯಲ್ಲಿ ಜಾರಿ ಬಿದ್ದೆ. ಎಪ್ಪತ್ತೈದರ ಮುದುಕ ಬಚ್ಚಲಲ್ಲಿ ಬೀಳುವುದು ಪತ್ರಿಕೆಯಲ್ಲಿ ಬರೆಯುವಂಥ ಸುದ್ದಿಯೇನಲ್ಲ. ನಮ್ಮ ಪಾರ್ಕಿನ ಬೆಂಚಿನ ಮೇಲೆ ಸಂಜೆ ಸೇರುವ ಆರು ಜನ ನಿವೃತ್ತರಲ್ಲಿ ನಾಲ್ವರು ಆಗಲೇ ಬಿದ್ದು ಎದ್ದವರು. ಆದರೆ ನಾನು ಬಿದ್ದ ಹೊತ್ತಿನಲ್ಲಿ ಮನೆಯಲ್ಲಿ ಇದ್ದವನು ನನ್ನ ಮೊಮ್ಮಗ ಒಬ್ಬನೇ. ಮನೆಯಲ್ಲಿ ಅವನನ್ನು ಪುಟ್ಟ ಎನ್ನುತ್ತೇವೆ. ಹತ್ತು ವರ್ಷ.

ದಡಾರನೆ ಸದ್ದು ಕೇಳಿ ಅವನು ಓಡಿ ಬಂದ. "ತಾತಾ! ತಾತಾ!" ಎಂದು ಕೂಗಿದ. ನನಗೆ ಎಚ್ಚರ ಇತ್ತು, ಅವನ ಕೂಗೂ ಕೇಳಿಸುತ್ತಿತ್ತು. ಆದರೆ ಉಸಿರು ಹಿಡಿದುಕೊಂಡು ಬಾಯಿಂದ ಮಾತು ಹೊರಡಲಿಲ್ಲ. ಅಷ್ಟು ಹೊತ್ತು, ಬಹುಶಃ ಅರ್ಧ ನಿಮಿಷ, ಅವನು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಆಮೇಲೆ ಬರಿಗಾಲಲ್ಲಿ ಪಕ್ಕದ ಮನೆಗೆ ಓಡಿದ. ದೇವಸ್ಥಾನಕ್ಕೆ ಹೋಗಿದ್ದ ನಮ್ಮವಳು ಬರುವಷ್ಟರಲ್ಲಿ ಬೀದಿಯ ಜನವೆಲ್ಲ ನಮ್ಮ ಮನೆಯಲ್ಲಿತ್ತು.

ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ಕೊರಳಿಗೆ ಜೋತುಬಿದ್ದು ಸುಮ್ಮನೆ ಕೂತಿತು. ಮೂಳೆ ಕೂಡಿಕೊಂಡಿತು. ಆದರೆ ಬೇರೆ ಎರಡು ಕೂಡಿಕೊಳ್ಳಲಿಲ್ಲ. ಒಂದು, ನನ್ನ ಧೈರ್ಯ. ಗೋಡೆ ಹಿಡಿಯದೆ ನಡೆಯುವುದನ್ನೇ ಬಿಟ್ಟೆ. ಪಾರ್ಕಿಗೆ ಹೋಗುವುದು ನಿಂತಿತು. ಇನ್ನೊಂದು, ಪುಟ್ಟನ ಧೈರ್ಯ. ನಾನು ಬಚ್ಚಲಿಗೆ ಹೋದರೆ ಅವನು ಬಾಗಿಲ ಹೊರಗೆ ನಿಲ್ಲುತ್ತಿದ್ದ.

"ತಾತಾ, ಇದ್ದೀಯಾ?"

"ಇದ್ದೀನಪ್ಪ."

ಒಂದು ಚೊಂಬು ನೀರು ಮೈಮೇಲೆ ಬೀಳುವಷ್ಟರಲ್ಲಿ ಮತ್ತೆ, "ತಾತಾ, ಇದ್ದೀಯಾ?"

ಮೊದಮೊದಲು ನಮಗೆ ಮುದ್ದು ಎನಿಸಿತು. ಆಮೇಲೆ ಮುದ್ದು ಹೋಗಿ ಚಿಂತೆ ಬಂತು. ಡಿಸೆಂಬರಿನಲ್ಲಿ ಶಾಲೆಯಿಂದ ಚಿತ್ರದುರ್ಗಕ್ಕೆ ಪ್ರವಾಸ ಇತ್ತು. ಅವನು ಹೆಸರು ಕೊಡಲಿಲ್ಲ. ಕೇಳಿದರೆ ಹೊಟ್ಟೆನೋವು ಎಂದ. ಎರಡು ತಿಂಗಳ ಮುಂಚೆಯೇ ಹೊಟ್ಟೆನೋವು ಬರುತ್ತದೆ ಎಂದು ಗೊತ್ತಾಗುವ ಮಗುವನ್ನು ನಾನು ಅದೇ ಮೊದಲು ನೋಡಿದ್ದು. ಸೊಸೆ ರಾತ್ರಿ ಮೆಲ್ಲಗೆ ವಿಚಾರಿಸಿದಾಗ ನಿಜ ಹೊರಬಂತು. "ನಾನು ಇಲ್ಲದಾಗ ತಾತ ಬಿದ್ದರೆ?"

ದಸರಾ ರಜೆಯಲ್ಲಿ ಮಗ ಒಂದು ಉಪಾಯ ಮಾಡಿದ. ನಮ್ಮಿಬ್ಬರನ್ನೂ ಟಿ.ವಿ. ಮುಂದೆ ಕೂರಿಸಿ ಹಳೆಯ ಮೂಕಿ ಚಿತ್ರಗಳನ್ನು ಹಾಕತೊಡಗಿದ. "ಅಪ್ಪ, ಇದಕ್ಕೆ ಭಾಷೆ ಬೇಕಿಲ್ಲ. ನೀನೂ ಪುಟ್ಟನೂ ಒಟ್ಟಿಗೆ ನೋಡಬಹುದು" ಎಂದ. ಹಾಗೆ ಮೊದಲ ಸಂಜೆ ನೋಡಿದ್ದು 1911ರ ಇಟಲಿಯ 'ಪಿನೋಕಿಯೊ'.

ಮಕ್ಕಳೇ, ಪಿನೋಕಿಯೊ ನಿಮಗೆ ಗೊತ್ತು. ಸುಳ್ಳು ಹೇಳಿದರೆ ಮೂಗು ಉದ್ದವಾಗುವ ಮರದ ಗೊಂಬೆ. ಆದರೆ ಅವನು ಹುಟ್ಟಿದ್ದು ನೀವು ಈಗ ಕೈಯಲ್ಲಿ ಹಿಡಿದಿರುವಂಥದೇ ಒಂದು ಮಕ್ಕಳ ವಾರಪತ್ರಿಕೆಯಲ್ಲಿ ಎಂಬುದು ಗೊತ್ತೇ? 1881ರಲ್ಲಿ ಇಟಲಿಯ ಮಕ್ಕಳ ಪತ್ರಿಕೆಯೊಂದರಲ್ಲಿ ಕಾರ್ಲೊ ಕೊಲ್ಲೋಡಿ ಎಂಬವರು ಇದನ್ನು ಧಾರಾವಾಹಿಯಾಗಿ ಬರೆಯಲು ಶುರುಮಾಡಿದರು. ಕೊಲ್ಲೋಡಿ ಎಂಬುದು ಅವರ ತಾಯಿಯ ಹಳ್ಳಿಯ ಹೆಸರು, ಅದನ್ನೇ ಕಾವ್ಯನಾಮ ಮಾಡಿಕೊಂಡಿದ್ದರು. ಹದಿನೈದು ಅಧ್ಯಾಯ ಬರೆದು, ಗೊಂಬೆಯನ್ನು ಕಳ್ಳರು ಮರಕ್ಕೆ ನೇತುಹಾಕಿದಲ್ಲಿಗೆ ಕಥೆ ಮುಗಿಸಿಬಿಟ್ಟರು. ಓದುವ ಮಕ್ಕಳು ಒಪ್ಪುತ್ತಾರೆಯೇ? ಕಥೆ ಮುಂದುವರಿಯಲೇಬೇಕೆಂದು ಒತ್ತಾಯ ಬಂತು. ಕೊಲ್ಲೋಡಿ ಮತ್ತೆ ಲೇಖನಿ ಹಿಡಿದರು. ನೇತುಬಿದ್ದ ಗೊಂಬೆ ಬದುಕಿತು. 1883ರಲ್ಲಿ ಪುಸ್ತಕವಾಯಿತು. ಓದುಗರು ಹಟ ಹಿಡಿದರೆ ಏನಾಗುತ್ತದೆ ನೋಡಿ.

ಆ ಪುಸ್ತಕದ ಮೇಲೆ ತೆಗೆದ ಮೊದಲ ಸಿನಿಮಾ ಅಂದು ನಾವು ನೋಡಿದ್ದು. ಸುಮಾರು ಮುಕ್ಕಾಲು ಗಂಟೆಯದು. ಮಾತಿಲ್ಲ. ನಡುನಡುವೆ ಬರಹದ ಹಲಗೆ ಬರುತ್ತದೆ ಅಷ್ಟೆ. ಮರದ ದಿಮ್ಮಿಯಿಂದ ಹುಟ್ಟಿದ ಗೊಂಬೆ ಒಂದು ಕ್ಷಣವೂ ನಿಂತಲ್ಲಿ ನಿಲ್ಲುವುದಿಲ್ಲ. ಓಡುತ್ತದೆ, ಡಿಕ್ಕಿ ಹೊಡೆಯುತ್ತದೆ, ಬೀಳುತ್ತದೆ. ಬಿದ್ದ ವೇಗದಲ್ಲೇ ಎದ್ದು ಮತ್ತೆ ಓಡುತ್ತದೆ. ಮೂಲ ಕಥೆಯಲ್ಲಿಲ್ಲದ ತಮಾಷೆಗಳನ್ನೂ ಸೇರಿಸಿದ್ದಾರೆ. ಗೊಂಬೆ ತೋಪಿನ ಗುಂಡಿನ ಮೇಲೆ ಕುದುರೆ ಸವಾರಿಯಂತೆ ಕೂತು ಆಕಾಶದಲ್ಲಿ ಹಾರಿ ಮನೆಗೆ ಬರುತ್ತದೆ!

ಪುಟ್ಟ ನಗಲಿಲ್ಲ. ಆದರೆ ಕಣ್ಣು ಬೇರೆಡೆ ತಿರುಗಿಸಲೂ ಇಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದ.

"ತಾತಾ, ಅಷ್ಟು ಸಲ ಬಿದ್ದನಲ್ಲ, ಅವನಿಗೆ ಏನೂ ಆಗಲಿಲ್ವಾ?"

ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ನಮಗೆ ಆ ನಟನ ಕಥೆ ಸಿಕ್ಕಿತು.

ಅವರ ಹೆಸರು ಫರ್ಡಿನಾಂಡ್ ಗಿಯೋಮ್. 1887ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಹುಟ್ಟಿದವರು. ಸರ್ಕಸ್ಸಿನ ಮನೆತನ. ಡೇರೆಯೇ ಮನೆ, ಊರೂರು ಸುತ್ತುವುದೇ ಬಾಳು. ಪಿನೋಕಿಯೊ ಆಗಿ ಕುಣಿದಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಅಷ್ಟು ಹೊತ್ತಿಗಾಗಲೇ ಇಟಲಿಯಲ್ಲಿ ಅವರು ಮನೆಮಾತು. ಆದರೆ ಫರ್ಡಿನಾಂಡ್ ಎಂದಲ್ಲ, ಟೊಂಟೊಲಿನಿ ಎಂದು. ಇಟಲಿಯ ಭಾಷೆಯಲ್ಲಿ ಟೊಂಟೊ ಎಂದರೆ ದಡ್ಡ, ಪೆದ್ದ. ಟೊಂಟೊಲಿನಿ ಎಂದರೆ ನಮ್ಮ ಪೆದ್ದಣ್ಣ ಎಂದುಕೊಳ್ಳಿ.

ಸರ್ಕಸ್ಸಿನವರು ಸಿನಿಮಾಕ್ಕೆ ಬಂದದ್ದು ಹೇಗೆ? ಆಗ ಸಿನಿಮಾ ಎಂದರೆ ಹತ್ತು ಹದಿನೈದು ನಿಮಿಷದ ಒಂದು ರೀಲು. ಮಾತಿಲ್ಲದ್ದರಿಂದ ನಗಿಸಬೇಕಾದದ್ದು ಮೈಯಿಂದಲೇ. ಟ್ಯೂರಿನ್ ನಗರದ ಇತಾಲಾ ಎಂಬ ಕಂಪನಿ 1909ರಲ್ಲಿ ಫ್ರಾನ್ಸಿನಿಂದ ಆಂದ್ರೆ ಡೀಡ್ ಎಂಬ ಕಸರತ್ತುಗಾರ ನಟರನ್ನು ಕರೆಸಿಕೊಂಡು 'ಕ್ರೆಟಿನೆಟ್ಟಿ' ಎಂಬ ಪೆದ್ದನ ಚಿತ್ರಗಳನ್ನು ತೆಗೆಯಿತು. ಜನ ಮುಗಿಬಿದ್ದು ನೋಡಿದರು. ಬೇರೆ ಕಂಪನಿಗಳು ಸುಮ್ಮನಿರುತ್ತವೆಯೇ? ನಮಗೂ ಒಬ್ಬ ಪೆದ್ದ ಬೇಕು ಎಂದು ಹುಡುಕಲು ಶುರುಮಾಡಿದವು. ಮೇಜಿನ ಮೇಲಿಂದ ಬೀಳಲು, ಕಿಟಕಿಯಿಂದ ಹಾರಲು, ಬಕೆಟ್ಟಿನೊಳಗೆ ತಲೆ ಸಿಕ್ಕಿಸಿಕೊಳ್ಳಲು ಯಾರಿಗೆ ಬರುತ್ತದೆ? ಸರ್ಕಸ್ಸಿನವರಿಗೆ. ರೋಮ್ ನಗರದ ಚಿನೆಸ್ ಕಂಪನಿಗೆ 1910ರಲ್ಲಿ ಸಿಕ್ಕಿದ ಪೆದ್ದ ನಮ್ಮ ಗಿಯೋಮ್.

ಇನ್ನೊಂದು ಗುಟ್ಟು ಹೇಳುತ್ತೇನೆ. ಆ ಚಿತ್ರಗಳಲ್ಲಿ ಜನ ಪಟಪಟನೆ ಓಡಾಡುವುದನ್ನು ನೀವು ನೋಡಿರಬಹುದು. ಆಗಿನ ಕ್ಯಾಮೆರಾಕ್ಕೆ ಪಕ್ಕದಲ್ಲಿ ಒಂದು ಹಿಡಿ. ಛಾಯಾಗ್ರಾಹಕ ಅದನ್ನು ಕೈಯಿಂದ ತಿರುಗಿಸಬೇಕು. ಸಾಮಾನ್ಯವಾಗಿ ಸೆಕೆಂಡಿಗೆ ಹದಿನಾರು ಚಿತ್ರ ಬೀಳುವ ಹಾಗೆ. ತೆಗೆಯುವಾಗ ಹಿಡಿಯನ್ನು ನಿಧಾನ ತಿರುಗಿಸಿ, ತೋರಿಸುವಾಗ ಬೇಗ ಓಡಿಸಿದರೆ ತೆರೆಯ ಮೇಲಿನ ಮನುಷ್ಯ ಗಾಳಿಗಿಂತ ಜೋರಾಗಿ ಓಡುತ್ತಾನೆ. ಆದರೆ ಮಕ್ಕಳೇ, ಓಟ ಕೈಚಳಕದ್ದಾದರೂ ಬೀಳುವುದು ಮಾತ್ರ ನಿಜವಾದ ಬೀಳುವಿಕೆ.

ಸ್ವಲ್ಪ ಕಾಲದಲ್ಲೇ ಗಿಯೋಮ್ ಟ್ಯೂರಿನ್ನಿನ ಪಾಸ್ಕ್ವಾಲಿ ಕಂಪನಿಗೆ ಹೋದರು. ಟೊಂಟೊಲಿನಿ ಎಂಬ ಹೆಸರು ಹಳೆಯ ಕಂಪನಿಯಲ್ಲೇ ಉಳಿಯಿತು. ಹೊಸ ಜಾಗದಲ್ಲಿ ಪೊಲಿಡೋರ್ ಎಂಬ ಹೊಸ ಹೆಸರು ಬಂತು. ಬ್ಯಾಂಕಿನವನಾದ ನನಗೆ ಇದು ಚೆನ್ನಾಗಿ ಅರ್ಥವಾಯಿತು. ವರ್ಗವಾದರೆ ಮೇಜಿನ ಮೇಲಿನ ನಾಮಫಲಕ ಜೊತೆಗೆ ಬರುವುದಿಲ್ಲ. ಆದರೆ ಪೊಲಿಡೋರ್‌ಗೆ ಇಲ್ಲಿ ಬಡ್ತಿಯೂ ಸಿಕ್ಕಿತು. ತನ್ನ ಚಿತ್ರಗಳನ್ನು ತಾನೇ ನಿರ್ದೇಶಿಸತೊಡಗಿದರು. ಎಲ್ಲಿ ಬೀಳಬೇಕು, ಯಾವಾಗ ಬೀಳಬೇಕು, ಬಿದ್ದಾಗ ಕ್ಯಾಮೆರಾ ಎಲ್ಲಿರಬೇಕು ಎಂಬುದೆಲ್ಲ ಈಗ ಬೀಳುವವನ ಕೈಯಲ್ಲೇ ಇತ್ತು. ಎರಡೂ ಹೆಸರು ಸೇರಿ ನೂರಕ್ಕೂ ಹೆಚ್ಚು ನಗೆಚಿತ್ರಗಳಾದವು. ಚಾರ್ಲಿ ಚಾಪ್ಲಿನ್ ಮೊದಲ ಸಲ ತೆರೆಯ ಮೇಲೆ ಬಂದದ್ದು 1914ರಲ್ಲಿ. ನಮ್ಮ ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಬಂದದ್ದು 1913ರಲ್ಲಿ. ಅದಕ್ಕೂ ಮೊದಲೇ ಈ ಮನುಷ್ಯ ಇಟಲಿಯ ಮಕ್ಕಳನ್ನು ಬಿದ್ದು ಬಿದ್ದು ನಗಿಸಿದ್ದ. ನಕ್ಕವರೂ ಬಿದ್ದು ಬಿದ್ದು, ನಗಿಸಿದವನೂ ಬಿದ್ದು ಬಿದ್ದು!

ಇಷ್ಟನ್ನು ಮಗ ಓದಿ ಹೇಳುತ್ತಿದ್ದಾಗ ನನ್ನ ಮನಸ್ಸು ಇಟಲಿ ಬಿಟ್ಟು ತಿಪಟೂರಿಗೆ ಹೋಗಿತ್ತು. ಅರವತ್ತೈದು ವರ್ಷದಿಂದ ಯಾರಿಗೂ ಹೇಳದ ಒಂದು ವಿಷಯ ನೆನಪಾಯಿತು. ಅದನ್ನು ಆ ರಾತ್ರಿ ಪುಟ್ಟನಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

1960. ನನಗೆ ಹತ್ತು ವರ್ಷ. ತಿಪಟೂರಿನಲ್ಲಿ ನಮ್ಮ ಅಪ್ಪನದು ಸಣ್ಣ ಹೋಟೆಲು. ಇಡ್ಲಿ, ಕಾಫಿ, ಸಂಜೆ ಬೋಂಡ. ಆ ವರ್ಷ ಬೇಸಿಗೆಯಲ್ಲಿ ಊರ ಹೊರಗಿನ ಮೈದಾನಕ್ಕೆ ಸರ್ಕಸ್ ಬಂತು. ಎರಡು ಕಂಬದ ಡೇರೆ, ಎರಡು ಆನೆ. ಕರೆಂಟ್ ದೀಪದ ಸರ ನೋಡಲೆಂದೇ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಅದರಲ್ಲಿ ಒಬ್ಬ ವಯಸ್ಸಾದ ಜೋಕರ್ ಇದ್ದರು. ತಲಶ್ಶೇರಿ ಕಡೆಯವರು. ಕೇರಳದ ತಲಶ್ಶೇರಿ ಭಾರತದ ಸರ್ಕಸ್ಸಿನ ತವರು. ಕೀಲೇರಿ ಕುಂಞಿಕಣ್ಣನ್ ಎಂಬ ಗುರುಗಳು ಅಲ್ಲಿ ಗರಡಿ ಇಟ್ಟು ಹುಡುಗರನ್ನು ತಯಾರು ಮಾಡಿದ್ದರಿಂದ ದೇಶದ ಬಹುಪಾಲು ಸರ್ಕಸ್ಸುಗಳಲ್ಲಿ ಆ ಕಡೆಯವರೇ ಇರುತ್ತಿದ್ದರು.

ಒಂದು ಆಟ ಮುಗಿದು ಇನ್ನೊಂದಕ್ಕೆ ಬಲೆ ಕಟ್ಟುವ ಹೊತ್ತಿನಲ್ಲಿ ಜನ ಬೇಸರಪಡಬಾರದಲ್ಲ, ಆಗ ಜೋಕರ್ ಬರುತ್ತಾರೆ. ಈ ಜೋಕರ್ ಒಂದರ ಮೇಲೊಂದು ಮೂರು ಮೇಜು ಇಟ್ಟು, ಮೇಲೆ ಕುರ್ಚಿ ಇಟ್ಟು, ಅದರ ಮೇಲೆ ಕೂತು ಹಿಂದಕ್ಕೂ ಮುಂದಕ್ಕೂ ತೂಗುತ್ತಾ ತೂಗುತ್ತಾ ಇಡೀ ಗೋಪುರದ ಜೊತೆಗೆ ನೆಲಕ್ಕೆ ಬರುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಾರನೆಯ ಬೆಳಿಗ್ಗೆ ಅವರು ನಮ್ಮ ಹೋಟೆಲಿಗೆ ಇಡ್ಲಿ ತಿನ್ನಲು ಬಂದರು. ಬಣ್ಣವಿಲ್ಲದ ಮುಖ, ನರೆತ ಗಡ್ಡ. ಎಡಗಾಲು ಎಳೆಯುತ್ತಾ ನಡೆಯುತ್ತಿದ್ದರು. ಮೊಣಕೈಗೆ ಬಟ್ಟೆ ಸುತ್ತಿತ್ತು. ನಾನು ಹೋಟೆಲಿನ ಮುಂದೆ ಗೆಳೆಯರನ್ನು ಸೇರಿಸಿ ಅವರ ಕುಂಟು ನಡಿಗೆಯನ್ನು ಅಣಕಿಸಿ ತೋರಿಸಿದೆ. ಹುಡುಗರೆಲ್ಲ ಕೇಕೆ ಹಾಕಿದರು. ತಿರುಗಿ ನೋಡಿದರೆ ಅವರು ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ನೋಡಿದ್ದರು.

ನನ್ನ ಕಿವಿ ಹಿಂಡುತ್ತಾರೆ ಎಂದುಕೊಂಡೆ. ಅಪ್ಪನಿಗೆ ಹೇಳುತ್ತಾರೆ ಎಂದುಕೊಂಡೆ. ಅವರು ಹತ್ತಿರ ಬಂದು, ಅರೆಬರೆ ಕನ್ನಡದಲ್ಲಿ, "ತಪ್ಪು ಮೋನೇ. ಕಾಲು ನೋವು ಇದ್ದವನು ಹಾಗೆ ನಡೆಯಲ್ಲ. ನೋವಿರೋ ಕಾಲಿನ ಮೇಲೆ ಕಮ್ಮಿ ಹೊತ್ತು ನಿಲ್ಲಬೇಕು. ಹೀಗೆ" ಎಂದು ನಡೆದು ತೋರಿಸಿದರು. ತಮ್ಮದೇ ಕುಂಟು ನಡಿಗೆಯನ್ನು ನನಗೆ ತಿದ್ದಿಕೊಟ್ಟರು! ಹುಡುಗರು ಮತ್ತೆ ನಕ್ಕರು. ನನಗೆ ಮಾತ್ರ ನಗಲಾಗಲಿಲ್ಲ.

ಅಪ್ಪ ಒಳಗಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹೊಡೆಯಲಿಲ್ಲ. "ಒಳಗೆ ಬಿಸಿನೀರಿದೆ, ಎಣ್ಣೆ ಇದೆ. ಅವರ ಕಾಲಿಗೆ ಹಚ್ಚು" ಎಂದರು ಅಷ್ಟೆ. ನಾನು ಹಿತ್ತಲಿನಲ್ಲಿ ಕೂತು ಎಣ್ಣೆ ಹಚ್ಚಿದೆ. ಮೊಣಕಾಲಿನಿಂದ ಪಾದದವರೆಗೆ ಹಳೆಯ ಗಾಯ, ಹೊಸ ಗಾಯ. ನಾನು ನಕ್ಕ ಒಂದೊಂದು ನಗೆಗೂ ಅಲ್ಲಿ ಲೆಕ್ಕ ಬರೆದಿಟ್ಟಂತಿತ್ತು.

ಸರ್ಕಸ್ ಹೊರಡಲು ಇನ್ನೂ ಮೂರು ದಿನ ಇತ್ತು. ಮೂರು ದಿನವೂ ಅವರು ಬಂದರು. ತಿಪಟೂರು ತೆಂಗಿನ ಸೀಮೆ. ನಮ್ಮ ಹೋಟೆಲಿನ ಹಿಂದೆ ಮನೆಯೆತ್ತರದ ತೆಂಗಿನ ನಾರಿನ ರಾಶಿ ಇತ್ತು. ಅದರ ಮೇಲೆ ನನಗೆ ಬೀಳುವುದನ್ನು ಕಲಿಸಿದರು. ಗದ್ದವನ್ನು ಎದೆಗೆ ಒತ್ತಿಕೋ, ತಲೆ ಉಳಿಯುತ್ತದೆ. ಕೈ ಚಾಚಿ ನೆಲ ತಡೆಯಬೇಡ, ಮಣಿಕಟ್ಟು ಹೋಗುತ್ತದೆ. ಮೈ ಬಿಗಿ ಹಿಡಿಯಬೇಡ. ಚಕ್ಕುಲಿಯ ಹಾಗೆ ಸುತ್ತಿಕೊಂಡು ಉರುಳಿಬಿಡು. ಮೂರನೆಯ ದಿನ ನಾನು ರಾಶಿಯ ಮೇಲಿಂದ ಉರುಳಿ ಕೆಳಗೆ ಅಂಗಾತ ಮಲಗಿದೆ. ಚಪ್ಪಾಳೆ ಹೊಡೆಯುತ್ತಾರೆ ಎಂದು ಕಾದೆ. ಅವರು ಹೊಡೆಯಲಿಲ್ಲ.

"ಏಳು" ಎಂದರು. "ಬಿದ್ದವನು ಮಲಗಿಬಿಟ್ಟರೆ ಜನ ನಗಲ್ಲ, ಹೆದರ್ತಾರೆ. ಎದ್ದು ಬಟ್ಟೆ ಕೊಡವಿ ನಮಸ್ಕಾರ ಮಾಡು. ಆಗ ನಗ್ತಾರೆ. ಬೀಳೋದು ಅರ್ಧ ಆಟ. ಏಳೋದು ಇನ್ನರ್ಧ."

ನಾಲ್ಕನೆಯ ದಿನ ಮೈದಾನ ಖಾಲಿ. ಕಂಬದ ಗುಳಿಗಳು, ಮರದ ಹೊಟ್ಟು, ಆನೆ ಲದ್ದಿ. ಅವರ ಹೆಸರೇನೆಂದು ನಾನು ಕೇಳಿಯೇ ಇರಲಿಲ್ಲ.

ಅಷ್ಟು ಒಳ್ಳೆಯ ಪಾಠವನ್ನು ನಾನು ಮರೆತೂ ಬಿಟ್ಟೆ. ಬಿ.ಕಾಂ. ಮುಗಿಸಿ 1972ರಲ್ಲಿ ಬ್ಯಾಂಕಿಗೆ ಸೇರಿದ ಮೇಲೆ ಬೀಳದೆ ಇರುವುದೇ ನನ್ನ ದೊಡ್ಡ ಹೆಮ್ಮೆಯಾಯಿತು. ದಿನದ ಲೆಕ್ಕದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಒಂಬತ್ತಾದರೂ ಏಳುತ್ತಿರಲಿಲ್ಲ. ಒಮ್ಮೆ ಮಾತ್ರ ನಾಲ್ಕು ದಪ್ಪ ಲೆಡ್ಜರ್ ಎದೆಗಪ್ಪಿಕೊಂಡು ಬರುತ್ತಾ ಮೆಟ್ಟಿಲಲ್ಲಿ ಮುಗ್ಗರಿಸಿ ಗ್ರಾಹಕರ ಮುಂದೆಯೇ ಉದ್ದಕ್ಕೆ ಬಿದ್ದೆ. ಯಾರೋ ಕಿಸಕ್ಕೆಂದರು. ಎದ್ದು ನಮಸ್ಕಾರ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಮುಖ ಗಂಟಿಕ್ಕಿಕೊಂಡು ಒಳಕೋಣೆ ಸೇರಿದವನು ಎರಡು ದಿನ ಕೌಂಟರಿಗೇ ಬರಲಿಲ್ಲ. ಕಳೆದ ವರ್ಷ ಬಚ್ಚಲಿನಲ್ಲೂ ಅಷ್ಟೆ. ಜಾರಿದ ಕೂಡಲೇ ಬಲಗೈ ಚಾಚಿದೆ. ಮಣಿಕಟ್ಟು ಹೋಯಿತು. ಗುರುಗಳು ಹೇಳಿದ್ದು ಅಕ್ಷರಶಃ ನಿಜವಾಯಿತು.

ಪುಟ್ಟ ಕಥೆ ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ. "ಪೊಲಿಡೋರ್ ತಾತ ಆದ ಮೇಲೂ ಬಿದ್ದರಾ?"

ಅವನಿಗೆ ನಿಜಕ್ಕೂ ಬೇಕಾಗಿದ್ದ ಪ್ರಶ್ನೆ ಅದು. ನನಗೂ ಅದೇ ಬೇಕಾಗಿತ್ತು.

1915ರಲ್ಲಿ ಇಟಲಿ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಅಲ್ಲಿನ ಚಿತ್ರೋದ್ಯಮ ಯುದ್ಧದ ನಂತರ ಕುಸಿಯಿತು. ಅಮೆರಿಕದ ಚಿತ್ರಗಳು ಊರೂರಿಗೆ ಬಂದವು. ಆಮೇಲೆ ಸಿನಿಮಾಕ್ಕೆ ಮಾತು ಬಂತು. ಮೈಯಿಂದಲೇ ಮಾತಾಡುತ್ತಿದ್ದವರ ಕಾಲ ಮುಗಿಯಿತು. ಆಗಿನ ಫಿಲ್ಮು ನೈಟ್ರೇಟಿನದು, ಕಿಡಿ ತಾಗಿದರೆ ಹೊತ್ತಿ ಉರಿಯುವಂಥದು, ಇಟ್ಟಲ್ಲೇ ಕೊಳೆತು ಪುಡಿಯಾಗುವಂಥದು. ಆ ಕಾಲದ ಅದೆಷ್ಟೋ ಚಿತ್ರಗಳು ಹಾಗೆಯೇ ಹೋದವು. ಪಿನೋಕಿಯೊ ಉಳಿದದ್ದು ನಮ್ಮ ಪುಣ್ಯ. ಪೊಲಿಡೋರ್ ಎಂದರೆ ಯಾರು ಎಂದು ಕೇಳುವ ತಲೆಮಾರು ಬಂತು.

ಆದರೆ ಒಬ್ಬರು ಮರೆತಿರಲಿಲ್ಲ. ಫೆಡೆರಿಕೊ ಫೆಲಿನಿ ಎಂಬ ದೊಡ್ಡ ನಿರ್ದೇಶಕರು. 1920ರಲ್ಲಿ ಹುಟ್ಟಿದ ಅವರಿಗೆ ಚಿಕ್ಕಂದಿನಿಂದ ಸರ್ಕಸ್ಸೆಂದರೆ ಪ್ರಾಣ. 1957ರಲ್ಲಿ ತಮ್ಮ 'ಕಬೀರಿಯಾಳ ರಾತ್ರಿಗಳು' ಚಿತ್ರದಲ್ಲಿ ಒಬ್ಬ ಸನ್ಯಾಸಿಯ ಪಾತ್ರಕ್ಕೆ ಪೊಲಿಡೋರ್‌ರನ್ನು ಕರೆದರು. ಎಪ್ಪತ್ತರ ಹತ್ತಿರದ ಮುದುಕ ಮತ್ತೆ ಕ್ಯಾಮೆರಾ ಮುಂದೆ ನಿಂತರು. ಅದಾದ ಮೇಲೆ 1960ರಲ್ಲಿ ತೆರೆಕಂಡ 'ಲಾ ದೋಲ್ಚೆ ವೀಟಾ'. ಅದು ದೊಡ್ಡವರ ಚಿತ್ರ, ಮಕ್ಕಳಿಗಲ್ಲ. ಮಗ ನಮಗೆ ಅದರಲ್ಲಿನ ಒಂದು ತುಣುಕನ್ನಷ್ಟೇ ತೋರಿಸಿದ.

ಊರಿನಿಂದ ಬಂದ ವಯಸ್ಸಾದ ತಂದೆಯೊಬ್ಬರನ್ನು ರೋಮ್ ನಗರದಲ್ಲಿರುವ ಮಗ ಒಂದು ಮನರಂಜನೆಯ ಕ್ಲಬ್ಬಿಗೆ ಕರೆದೊಯ್ದಿದ್ದಾನೆ. ನೆಲದ ತುಂಬ ಬಲೂನುಗಳು. ಮುದಿ ವಿದೂಷಕನೊಬ್ಬ ಕೈಯಲ್ಲಿ ತುತ್ತೂರಿ ಹಿಡಿದು ಬರುತ್ತಾನೆ. ಅದೇ ನಮ್ಮ ಪೊಲಿಡೋರ್. ಎಪ್ಪತ್ತೆರಡು ವರ್ಷ. ಬೀಳುವುದಿಲ್ಲ, ಹಾರುವುದಿಲ್ಲ. ಮೆಲ್ಲಗೆ ತುತ್ತೂರಿ ಊದುತ್ತಾರೆ. ಗದ್ದಲದ ಕ್ಲಬ್ಬು ಸ್ತಬ್ಧವಾಗುತ್ತದೆ. ಊದಿ ಮುಗಿಸಿ ಅವರು ನಿಧಾನವಾಗಿ ಹೊರನಡೆದಾಗ ನೆಲದ ಮೇಲಿನ ಬಲೂನುಗಳು ಒಂದರ ಹಿಂದೆ ಒಂದು ಅವರ ಬೆನ್ನು ಹತ್ತಿ ಹೋಗುತ್ತವೆ, ಅಜ್ಜನ ಹಿಂದೆ ಹೊರಟ ಮೊಮ್ಮಕ್ಕಳ ಹಾಗೆ.

ಆ ತುಣುಕನ್ನು ನಾವು ಮೂರು ಸಲ ನೋಡಿದೆವು. ತಿಪಟೂರಿನ ಹಿತ್ತಲಿನಲ್ಲಿ ನಾನು ಒಬ್ಬ ಮುದಿ ಜೋಕರನ ಕಾಲಿಗೆ ಎಣ್ಣೆ ಹಚ್ಚಿದ್ದೂ ಅದೇ 1960. ಮೂರನೆಯ ಸಲ ನನ್ನ ಕಣ್ಣು ಮಂಜಾಗಿತ್ತು. ಪುಟ್ಟ ಅದನ್ನು ನೋಡಿಯೂ ನೋಡದವನಂತೆ ನನ್ನ ಎಡಗೈ ಹಿಡಿದುಕೊಂಡ.

ಪೊಲಿಡೋರ್ ಅದಾದ ಮೇಲೂ ಬಹಳ ವರ್ಷ ಬದುಕಿದ್ದರು. 1977ರಲ್ಲಿ, ತೊಂಬತ್ತು ತುಂಬಿದ ಮೇಲೆ, ಕಡಲ ತೀರದ ವಿಯರೆಜ್ಜೊ ಪಟ್ಟಣದಲ್ಲಿ ತೀರಿಕೊಂಡರು. ಅದು ಇರುವುದು ಟಸ್ಕನಿ ಪ್ರಾಂತ್ಯದಲ್ಲಿ. ಕೊಲ್ಲೋಡಿ ಹಳ್ಳಿಯೂ ಅದೇ ಪ್ರಾಂತ್ಯದ್ದು.

ಮಾರನೆಯ ದಿನ ನನ್ನ ಕೈಗೆ ವ್ಯಾಯಾಮ ಮಾಡಿಸಲು ಬರುವ ಫಿಸಿಯೋಥೆರಪಿಯ ಹುಡುಗಿಯನ್ನು ಕೇಳಿದೆ. "ಅಮ್ಮಾ, ಕೈ ಸರಿಹೋಯಿತು. ಬಿದ್ದರೆ ಏಳುವುದು ಹೇಗೆ ಅಂತ ಹೇಳಿಕೊಡ್ತೀಯಾ?" ಅವಳು ಖುಷಿಯಿಂದ ಒಪ್ಪಿದಳು. ಅಜ್ಜ-ಅಜ್ಜಿಯರೇ, ಇದು ನಿಮಗಾಗಿ. ಬಿದ್ದ ತಕ್ಷಣ ಗಡಿಬಿಡಿಯಿಂದ ಏಳಬಾರದು. ಮೊದಲು ಉಸಿರು ಸರಿಮಾಡಿಕೊಂಡು ಎಲ್ಲಿ ನೋವಿದೆ ನೋಡಬೇಕು. ಜೋರು ನೋವಿದ್ದರೆ ಅಲ್ಲಾಡದೆ ಕೂಗಿ ಕರೆಯಬೇಕು. ಇಲ್ಲವಾದರೆ ಒಂದು ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಮಂಡಿ ಮತ್ತು ಅಂಗೈ ಮೇಲೆ ಬಂದು, ಅಂಬೆಗಾಲಲ್ಲಿ ಗಟ್ಟಿಯಾದ ಕುರ್ಚಿಯ ಹತ್ತಿರ ಹೋಗಬೇಕು. ಕುರ್ಚಿಯ ಮೇಲೆ ಕೈ ಊರಿ ಒಂದು ಪಾದ ಮುಂದಿಟ್ಟು ನಿಧಾನ ಎದ್ದು, ತಿರುಗಿ ಕುರ್ಚಿಯಲ್ಲಿ ಕೂರಬೇಕು. ಇದನ್ನು ಬೀಳುವ ಮುಂಚೆಯೇ, ತಿಳಿದವರನ್ನು ಪಕ್ಕದಲ್ಲಿ ಇಟ್ಟುಕೊಂಡು ಕಲಿತಿರಬೇಕು.

ನಾಲ್ಕು ದಿನ ಗುಟ್ಟಾಗಿ ಅಭ್ಯಾಸ ಮಾಡಿದೆ. ಐದನೆಯ ದಿನ ಎಲ್ಲರನ್ನೂ ನಡುಮನೆಗೆ ಕರೆದೆ. ಚಾಪೆ ಹಾಸಿ ಅದರ ಮೇಲೆ ಅಂಗಾತ ಮಲಗಿದೆ. ಆ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ನಮ್ಮವಳು, "ಈ ವಯಸ್ಸಿನಲ್ಲಿ ಇದೇನು ಸರ್ಕಸ್ಸು ನಿಮ್ಮದು!" ಎಂದಳು. ಅವಳಿಗೆ ಗೊತ್ತಿಲ್ಲದೆಯೇ ಸರಿಯಾದ ಪದ ಬಾಯಿಗೆ ಬಂದಿತ್ತು.

ಪುಟ್ಟ ಗೋಡೆಗೆ ಒರಗಿ ನಿಂತಿದ್ದ. ನಾನು ಮಲಗಿದ್ದನ್ನು ನೋಡಿದೊಡನೆ ಅವನ ಮುಖ ಆ ಶ್ರಾವಣದ ಬೆಳಿಗ್ಗೆ ಇದ್ದ ಹಾಗೆಯೇ ಆಯಿತು. ಮುಷ್ಟಿ ಬಿಗಿಯಾಯಿತು. ಒಂದು ಕ್ಷಣ ನನಗೂ ಇದು ಬೇಡವಾಗಿತ್ತು ಎನಿಸಿತು. ಆದರೆ ಆಟ ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಹೊರಳಿದೆ. ಮೊಣಕೈ ಊರಿದೆ. ಅಂಬೆಗಾಲಿಟ್ಟೆ. ಕುರ್ಚಿ ಹಿಡಿದೆ. ಪಾದ ಮುಂದಿಟ್ಟೆ. ಮಂಡಿ ಲಟಕ್ಕೆಂದಿತು. ಎದ್ದೆ. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು, ಮತ್ತೆ ಎದ್ದು ನಿಂತು, ಪಂಚೆಯ ದೂಳು ಕೊಡವಿದೆ. ಇಲ್ಲದ ಟೋಪಿಯನ್ನು ತಲೆಯಿಂದ ತೆಗೆದು, ಸೊಂಟ ಬಗ್ಗುವಷ್ಟು ಬಗ್ಗಿ ನಮಸ್ಕಾರ ಮಾಡಿದೆ.

ಸದ್ದಿಲ್ಲ. ಆಮೇಲೆ ಪುಟ್ಟ ನಕ್ಕ. ಎರಡು ತಿಂಗಳ ನಗೆಯನ್ನೆಲ್ಲ ಒಟ್ಟಿಗೆ ನಕ್ಕ. ನಗುತ್ತಾ ನಗುತ್ತಾ ಅತ್ತೂ ಬಿಟ್ಟ. ಅವರಮ್ಮ ಎತ್ತಿಕೊಳ್ಳಲು ಹೋದರೆ ಬಿಡಿಸಿಕೊಂಡು ಬಂದು, "ತಾತಾ, ಇನ್ನೊಂದ್ಸಲ" ಎಂದ.

ಮಾರನೆಯ ದಿನ ಬಚ್ಚಲಿನ ಹೊರಗಿಂದ "ತಾತಾ, ಇದ್ದೀಯಾ?" ಎಂದು ಕೇಳಿದ. ಆದರೆ ಒಂದೇ ಸಲ. ಮುಂದಿನ ವಾರ ಅದೂ ನಿಂತಿತು. ಬಚ್ಚಲಿಗೆ ಹಿಡಿಗಂಬಿ ಹಾಕಿಸಿದೆವು, ಜಾರದ ಹಾಸು ಹಾಕಿದೆವು. ಧೈರ್ಯದ ಜೊತೆಗೆ ಇವೂ ಬೇಕು. ಪ್ರವಾಸಕ್ಕೆ ಹೆಸರು ಕೊಡಲು ಕೊನೆಯ ದಿನ ತಾನೇ ಚೀಟಿ ತಂದು ಅವರಪ್ಪನ ಸಹಿ ಮಾಡಿಸಿಕೊಂಡ.

ಚಿತ್ರದುರ್ಗದಿಂದ ಮರಳಿದವನ ಮೊಣಕಾಲು ತರಚಿತ್ತು. ಕೋಟೆಯ ಕಲ್ಲಿನ ಮೇಲೆ ಜಾರಿದನಂತೆ.

"ಎಲ್ಲ ನಕ್ಕರೇನೋ?" ಎಂದೆ.

"ನಕ್ರು ತಾತಾ. ನಾನು ಎದ್ದು ಟೋಪಿ ತೆಗೆದು ನಮಸ್ಕಾರ ಮಾಡ್ದೆ. ಆಮೇಲೆ ಎಲ್ಲರೂ ಚಪ್ಪಾಳೆ ಹೊಡೆದ್ರು."

ನಾನು ಎಣ್ಣೆ ತರಲು ಒಳಗೆ ಹೋದೆ, ಗೋಡೆ ಹಿಡಿಯದೆ.

ಮಕ್ಕಳೇ, ಈಗ ಸರ್ಕಸ್ ಬರುವುದು ಅಪರೂಪ. ಎಂದಾದರೂ ನಿಮ್ಮ ಊರಿಗೆ ಬಂದರೆ ಹೋಗಿ, ಹೊಟ್ಟೆತುಂಬ ನಕ್ಕು ಬನ್ನಿ. ಬರುವಾಗ ಜೋಕರನ ಹೆಸರು ಕೇಳಿಕೊಂಡು ಬನ್ನಿ. ನಾನು ಕೇಳಲಿಲ್ಲ.